ಒಂದೇ ಲೇಖನಿಯಿಂದ ಬಂದ ಎರಡು ತೀರ್ಪುಗಳು

ಸಂಪಾದಕರಿಗೆ,

ಮಾನ್ಯರೇ,

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕವು ಸಮುದ್ರ ದಾಟಿ ಸಾಮ್ರಾಜ್ಯ ಕಟ್ಟಿದ ಬಗೆಯನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ದೀರ್ಘ ಲೇಖನವನ್ನು ಎರಡು ಸಲ ಓದಿದೆ. ಮನಿಲಾ ಕೊಲ್ಲಿಯ ನೌಕಾಯುದ್ಧ, ಪ್ಯಾರಿಸ್ ಒಪ್ಪಂದ, ಸಕ್ಕರೆ ಮತ್ತು ಮಾರುಕಟ್ಟೆಯ ಲೆಕ್ಕಾಚಾರ, ಇವನ್ನೆಲ್ಲ ಲೇಖಕರು ಶ್ರಮಪಟ್ಟು ನಿರೂಪಿಸಿದ್ದಾರೆ. ಅದಕ್ಕಾಗಿ ಅವರಿಗೂ ನಿಮಗೂ ಕೃತಜ್ಞತೆ ಸಲ್ಲಬೇಕು. ಆದರೆ ಆರಂಭದಲ್ಲೇ ಬರುವ ಒಂದು ಮಾತು ನನ್ನನ್ನು ಈ ಪತ್ರ ಬರೆಯಲು ಕೂರಿಸಿತು. ದಕ್ಷಿಣದ ರಾಜ್ಯಗಳ ವರ್ಣಭೇದದ ವಿಚಾರ ಬೇರೆಯೇ ಒಂದು ಅಧ್ಯಾಯವಾದ್ದರಿಂದ ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ ಎಂದು ಅವರು ಹೇಳಿದ್ದಾರೆ. ಪದವಿ ತರಗತಿಗಳಿಗೆ ಅಮೆರಿಕದ ಇತಿಹಾಸವನ್ನು ಬಹುಕಾಲ ಬೋಧಿಸಿದ ನಾನೂ ಮೊದಮೊದಲು ಹಾಗೆಯೇ ಪಾಠ ಮಾಡುತ್ತಿದ್ದೆ: ಒಂದು ವಾರ ಕಪ್ಪು ಜನರನ್ನು ಬಿಳಿಯರಿಂದ ಬೇರ್ಪಡಿಸಿದ ಜಿಮ್ ಕ್ರೋ ಕಾನೂನುಗಳು, ಮರುವಾರ ಸ್ಪೇನಿನೊಡನೆ ಯುದ್ಧ. ದಿನಾಂಕಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡತೊಡಗಿದ ಮೇಲೆ ಆ ವಿಂಗಡಣೆಯನ್ನು ಕೈಬಿಟ್ಟೆ. ಅದೇ ನ್ಯಾಯಾಲಯ, ಅದೇ ಸೆನೆಟ್, ಅದೇ ರಾಷ್ಟ್ರಾಧ್ಯಕ್ಷ, ಎಷ್ಟೋ ಸಲ ಅದೇ ತಿಂಗಳು. ಹೀಗಿರುವಾಗ ಅಧ್ಯಾಯಗಳು ಎರಡು ಹೇಗಾದಾವು?

1898ರ ಫೆಬ್ರುವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ‘ಮೇನ್’ ಎಂಬ ಅಮೆರಿಕದ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ನಾವಿಕರು ಸತ್ತರು. ಇದನ್ನು ಹೇಳದ ಪಠ್ಯಪುಸ್ತಕವಿಲ್ಲ. ಸರಿಯಾಗಿ ಒಂದು ವಾರ ಕಳೆದು, ಫೆಬ್ರುವರಿ 22ರ ರಾತ್ರಿ, ದಕ್ಷಿಣ ಕ್ಯಾರೊಲಿನಾದ ಲೇಕ್ ಸಿಟಿ ಎಂಬ ಸಣ್ಣ ಊರಿನಲ್ಲಿ ನಡೆದದ್ದನ್ನು ಹೇಳುವ ಪಠ್ಯಪುಸ್ತಕಗಳು ಕಡಿಮೆ. ಫ್ರೇಜಿಯರ್ ಬೇಕರ್ ಎಂಬ ಕಪ್ಪು ಜನಾಂಗದ ವ್ಯಕ್ತಿಯನ್ನು ಮೆಕಿನ್ಲಿ ಸರ್ಕಾರ ಅಲ್ಲಿಯ ಪೋಸ್ಟ್‌ಮಾಸ್ಟರ್ ಆಗಿ ನೇಮಿಸಿತ್ತು. ತಮ್ಮ ಕಾಗದಪತ್ರಗಳನ್ನು ಕಪ್ಪು ಮನುಷ್ಯನ ಕೈಯಿಂದ ಪಡೆಯಲು ಊರಿನ ಬಿಳಿಯರು ಸಿದ್ಧರಿರಲಿಲ್ಲ. ಅಂಚೆ ಕಚೇರಿಯೂ ಆತನ ಮನೆಯೂ ಒಂದೇ ಸೂರಿನ ಕೆಳಗಿದ್ದವು. ಮಧ್ಯರಾತ್ರಿಯಲ್ಲಿ ಗುಂಪೊಂದು ಆ ಸೂರಿಗೆ ಬೆಂಕಿಯಿಟ್ಟು, ಉರಿಯಿಂದ ತಪ್ಪಿಸಿಕೊಂಡು ಹೊರಗೆ ಬರಲೆತ್ನಿಸಿದವರ ಮೇಲೆ ಗುಂಡು ಹಾರಿಸಿತು. ಬೇಕರ್ ಸತ್ತ, ತಾಯಿಯ ತೋಳಿನಲ್ಲಿದ್ದ ಹಸುಗೂಸಿಗೂ ಗುಂಡು ತಗುಲಿ ಅದೂ ಸತ್ತಿತು, ತಾಯಿಗೂ ಉಳಿದ ಮಕ್ಕಳಲ್ಲಿ ಕೆಲವರಿಗೂ ಗಾಯಗಳಾದವು. ಮಾರ್ಚ್ ತಿಂಗಳಲ್ಲಿ ಪತ್ರಕರ್ತೆ ಐಡಾ ಬಿ. ವೆಲ್ಸ್ ನಿಯೋಗದೊಡನೆ ಷಿಕಾಗೋದಿಂದ ವಾಷಿಂಗ್ಟನ್ನಿಗೆ ಬಂದು ಅಧ್ಯಕ್ಷ ಮೆಕಿನ್ಲಿಯನ್ನು ಕಂಡರು. ಅವರ ವಾದ ಸರಳವಾಗಿತ್ತು. ಅಮೆರಿಕದ ನೆಲದಲ್ಲಿ ಇಟಲಿಯ ಪ್ರಜೆಗಳು ಗುಂಪುಹತ್ಯೆಗೆ ಸಿಕ್ಕಾಗ ಈ ಸರ್ಕಾರ ಇಟಲಿಗೆ ಪರಿಹಾರ ಕೊಟ್ಟಿದೆ. ತನ್ನದೇ ಅಧಿಕಾರಿಯೊಬ್ಬ, ತನ್ನದೇ ಕಚೇರಿಯಲ್ಲಿ, ತನ್ನದೇ ಕೆಲಸ ಮಾಡಿದ್ದಕ್ಕಾಗಿ ಸತ್ತಾಗ ಏನು ಮಾಡುತ್ತದೆ? ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು, ಆ ಕುಟುಂಬದ ಪರಿಹಾರದ ಮಾತು ಹಿಂದೆ ಸರಿಯಿತು. ಮರುವರ್ಷ ಫೆಡರಲ್ ನ್ಯಾಯಾಲಯದಲ್ಲಿ ವಿಚಾರಣೆಯೇನೋ ನಡೆಯಿತು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ.

ಏಪ್ರಿಲ್ 25, 1898 ಎಂಬ ದಿನಾಂಕವನ್ನು ನಿಮ್ಮ ಲೇಖಕರು ಕೊಟ್ಟಿದ್ದಾರೆ. ಅಂದು ಅಮೆರಿಕದ ಕಾಂಗ್ರೆಸ್ ಸ್ಪೇನಿನ ಮೇಲೆ ಯುದ್ಧ ಘೋಷಿಸಿತು. ಕ್ಯೂಬಾದ ಜನರಿಗೆ ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕು ದೊರಕಿಸುವುದೇ ಯುದ್ಧದ ಉದ್ದೇಶವೆಂದು ಹೇಳಲಾಯಿತು. ಅದೇ ದಿನ ಅದೇ ನಗರದಲ್ಲಿ ಸುಪ್ರೀಂ ಕೋರ್ಟು ವಿಲಿಯಮ್ಸ್ ವಿರುದ್ಧ ಮಿಸಿಸಿಪಿ ಎಂಬ ಮೊಕದ್ದಮೆಯ ತೀರ್ಪು ಕೊಟ್ಟಿತೆಂಬುದು ಲೇಖನದಲ್ಲಿಲ್ಲ. ಮಿಸಿಸಿಪಿ ರಾಜ್ಯವು 1890ರಲ್ಲಿ ಬರೆದುಕೊಂಡ ಹೊಸ ಸಂವಿಧಾನದಲ್ಲಿ ಮತದಾರನಾಗಲು ತಲೆಗಂದಾಯ ಕಟ್ಟಿರಬೇಕು, ಸಂವಿಧಾನದ ಒಂದು ಭಾಗವನ್ನು ಓದಬೇಕು ಅಥವಾ ಓದಿ ಹೇಳಿದಾಗ ಅದರ ಅರ್ಥ ವಿವರಿಸಬೇಕು ಎಂಬ ಷರತ್ತುಗಳಿದ್ದವು. ವಿವರಣೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಗುಮಾಸ್ತ. ಮತದಾರರ ಪಟ್ಟಿಯಿಂದಲೇ ಜ್ಯೂರಿಯನ್ನು ಆರಿಸುತ್ತಿದ್ದುದರಿಂದ ಕಪ್ಪು ಜನರು ಮತದೊಂದಿಗೆ ಜ್ಯೂರಿಯ ಪೀಠವನ್ನೂ ಕಳೆದುಕೊಂಡರು. ಕಾನೂನಿನ ಅಕ್ಷರಗಳಲ್ಲಿ ಜನಾಂಗದ ಹೆಸರಿಲ್ಲ, ಆದ್ದರಿಂದ ಭೇದಭಾವವೂ ಇಲ್ಲ ಎಂದು ನ್ಯಾಯಾಲಯ ಒಮ್ಮತದಿಂದ ತೀರ್ಪಿತ್ತಿತು. ಉಳಿದ ರಾಜ್ಯಗಳಿಗೆ ದಾರಿ ತೆರೆಯಿತು. ಅದೇ ವಸಂತದಲ್ಲಿ ಲೂಯಿಸಿಯಾನದ ಸಂವಿಧಾನ ಸಭೆ ಇನ್ನೂ ಒಂದು ಉಪಾಯ ಹೂಡಿತು: 1867ರ ಜನವರಿ 1ರಂದು ಯಾರಿಗೆ ಅಥವಾ ಯಾರ ತಂದೆಗೆ, ಅಜ್ಜನಿಗೆ ಮತದ ಹಕ್ಕಿತ್ತೋ ಅವರಿಗೆ ಅಕ್ಷರ ಪರೀಕ್ಷೆಯಿಂದ ವಿನಾಯಿತಿ. ಗುಲಾಮನಾಗಿದ್ದ ಅಜ್ಜನಿಗೆ ಮತವೆಲ್ಲಿಂದ ಬಂದೀತು? 1896ರಲ್ಲಿ ಆ ರಾಜ್ಯದ ಪಟ್ಟಿಯಲ್ಲಿದ್ದ ಕಪ್ಪು ಮತದಾರರು 1,30,334. 1900ರಲ್ಲಿ ಉಳಿದವರು 5,320. ಈ ಎರಡು ಅಂಕಿಗಳನ್ನು ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಬರೆದ ಮೇಲೆ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ.

ಆ ವರ್ಷದ ನವೆಂಬರಿಗೆ ಬರೋಣ. ಪ್ಯಾರಿಸ್ಸಿನಲ್ಲಿ ಸ್ಪೇನಿನ ಪ್ರತಿನಿಧಿಗಳೊಡನೆ ಸಂಧಾನ ನಡೆಯುತ್ತಿತ್ತು, ಫಿಲಿಪ್ಪೀನ್ಸ್ ದ್ವೀಪಸಮೂಹವನ್ನು ಇಡಿಯಾಗಿ ಕೇಳಬೇಕೆಂದು ಮೆಕಿನ್ಲಿ ಆಗಷ್ಟೇ ಸೂಚನೆ ಕೊಟ್ಟಿದ್ದರು. ನವೆಂಬರ್ 10ರಂದು ಉತ್ತರ ಕ್ಯಾರೊಲಿನಾದ ಅಂದಿನ ಅತಿ ದೊಡ್ಡ ನಗರವಾದ ವಿಲ್ಮಿಂಗ್ಟನ್‌ನಲ್ಲಿ ಶಸ್ತ್ರಧಾರಿ ಬಿಳಿಯರ ಗುಂಪು ಕಪ್ಪು ಜನರ ದಿನಪತ್ರಿಕೆಯಾಗಿದ್ದ ‘ಡೈಲಿ ರೆಕಾರ್ಡ್’ನ ಕಚೇರಿಗೆ ನುಗ್ಗಿ, ಅದನ್ನು ಸುಟ್ಟು, ಬೀದಿಗಳಲ್ಲಿ ಜನರನ್ನು ಕೊಂದು, ಸಂಜೆಯ ಹೊತ್ತಿಗೆ ಚುನಾಯಿತ ನಗರಾಡಳಿತವನ್ನು ಬಂದೂಕಿನ ಬಾಯಿಗೆ ಒಡ್ಡಿ ರಾಜೀನಾಮೆ ಪಡೆಯಿತು. ಗುಂಪಿನ ಮುಂದಾಳಾಗಿದ್ದ ಆಲ್ಫ್ರೆಡ್ ಮೂರ್ ವಾಡೆಲ್ ಅಂದೇ ಮೇಯರ್ ಆದ. ವ್ಯಾಪಾರಿಗಳು ಹಣ ಕೂಡಿಸಿ ತಂದ ಒಂದು ಶೀಘ್ರಗಾಮಿ ಬಂದೂಕನ್ನು ಬಂಡಿಯ ಮೇಲೆ ಕೂರಿಸಿ ಕಪ್ಪು ಜನರ ಕೇರಿಗಳಲ್ಲಿ ಸುತ್ತಿಸಿದರು. ಸ್ಪೇನಿನ ಯುದ್ಧಕ್ಕೆಂದು ಸೇನೆಗೆ ಸೇರಿಸಿಕೊಂಡಿದ್ದ ಸ್ಥಳೀಯ ಪಡೆಯವರೂ ಆ ದಿನದ ಕೆಲಸದಲ್ಲಿ ಪಾಲುಗೊಂಡರು. ಆ ದಿನದ ಒಂದು ಛಾಯಾಚಿತ್ರ ಉಳಿದಿದೆ. ಸುಟ್ಟ ಪತ್ರಿಕಾ ಕಚೇರಿಯ ಮುಂದೆ ಬಂದೂಕು ಹಿಡಿದ ಗಂಡಸರು, ಅವರ ನಡುವೆ ಎಳೆ ಹುಡುಗರೂ, ಕ್ಯಾಮೆರಾದತ್ತ ಮುಖಮಾಡಿ ನಿಂತಿದ್ದಾರೆ. ಯಾರೂ ಮುಖ ಮರೆಸಿಕೊಂಡಿಲ್ಲ. ಮೂರು ದಿನ ಕಳೆದು, ನವೆಂಬರ್ 13ರಂದು, ವಿಲ್ಮಿಂಗ್ಟನ್‌ನ ಒಬ್ಬ ಕಪ್ಪು ಮಹಿಳೆ ಅಧ್ಯಕ್ಷರಿಗೆ ಬರೆದ ಪತ್ರವೂ ಅಮೆರಿಕದ ಸರ್ಕಾರಿ ದಾಖಲೆಗಳಲ್ಲಿ ಉಳಿದಿದೆ. ನಮಗೇಕೆ ಸಹಾಯ ಕಳಿಸಲಿಲ್ಲ ಎಂದು ಕೇಳುವ ಆಕೆ, ಹೆಸರು ಹಾಕಿದರೆ ತಾನು ಬದುಕಿ ಉಳಿಯಲಾರೆನೆಂದೂ ಆದರೆ ಬರೆದುದೆಲ್ಲ ನಿಜವೆಂದೂ ತಿಳಿಸುತ್ತಾಳೆ. ಸಹಾಯ ಬರಲಿಲ್ಲ. ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ, ಫಿಲಿಪ್ಪೀನ್ಸ್ ಮತ್ತು ಪೋರ್ಟೊ ರಿಕೊಗಳನ್ನು ಸ್ಪೇನಿನಿಂದ ಅಮೆರಿಕಕ್ಕೆ ಕೊಡಿಸಿದ ಒಪ್ಪಂದಕ್ಕೆ ಸಹಿಯಾಯಿತು. ಡಿಸೆಂಬರ್ 14ರಂದು ಮೆಕಿನ್ಲಿ ದಕ್ಷಿಣದ ಅಟ್ಲಾಂಟಾ ನಗರದಲ್ಲಿ ಮಾತನಾಡುತ್ತ, ಅಂತರ್ಯುದ್ಧದಲ್ಲಿ ಒಕ್ಕೂಟದ ವಿರುದ್ಧ ಹೋರಾಡಿ ಸತ್ತ ಸೈನಿಕರ ಸಮಾಧಿಗಳ ಆರೈಕೆಯಲ್ಲಿ ರಾಷ್ಟ್ರವೂ ಪಾಲುಗೊಳ್ಳಬೇಕೆಂದರು. ಉತ್ತರದ ಬಿಳಿಯರೂ ದಕ್ಷಿಣದ ಬಿಳಿಯರೂ ಮೂವತ್ಮೂರು ವರ್ಷಗಳ ಮುನಿಸು ಬಿಟ್ಟು ಒಂದಾದರು ಎಂದು ಅಂದಿನ ಪತ್ರಿಕೆಗಳು ಸಂತೋಷಪಟ್ಟವು. ಆ ಒಂದಾಗುವಿಕೆಯ ಬೆಲೆಯನ್ನು ಕೊಟ್ಟವರು ಯಾರೆಂಬುದನ್ನು ವಿಲ್ಮಿಂಗ್ಟನ್ ಹೇಳುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಹೊಸದಾಗಿ ಸೇರಿದ ದ್ವೀಪಗಳ ಜನರಿಗೆ ಸಂವಿಧಾನದ ರಕ್ಷಣೆ ಸಿಗುವುದೇ ಎಂಬ ಪ್ರಶ್ನೆ 1901ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದನ್ನು ನಿಮ್ಮ ಲೇಖಕರು ಎರಡು ಸಾಲುಗಳಲ್ಲಿ ಮುಗಿಸಿದ್ದಾರೆ. ಅದು ಎರಡು ಸಾಲಿಗೆ ಮುಗಿಯುವ ವಿಷಯವಲ್ಲ. ಡೌನ್ಸ್ ಎಂಬ ವ್ಯಾಪಾರಿಯ ಕಂಪನಿಯು ಪೋರ್ಟೊ ರಿಕೊದಿಂದ ನ್ಯೂಯಾರ್ಕ್ ಬಂದರಿಗೆ ಕಿತ್ತಳೆ ಹಣ್ಣು ತರಿಸಿತು. ಸುಂಕದ ಅಧಿಕಾರಿ ಬಿಡ್‌ವೆಲ್ ಅದರ ಮೇಲೆ 659 ಡಾಲರ್ 35 ಸೆಂಟ್ ವಸೂಲು ಮಾಡಿದ. ಪೋರ್ಟೊ ರಿಕೊ ಈಗ ಅಮೆರಿಕದ್ದೇ ಆಗಿರುವಾಗ ಫ್ಲಾರಿಡಾದ ಹಣ್ಣಿಗಿಲ್ಲದ ಸುಂಕ ಅದರ ಹಣ್ಣಿಗೆ ಏಕೆ, ಸುಂಕ ದೇಶದಾದ್ಯಂತ ಏಕರೂಪವಾಗಿರಬೇಕೆಂದು ಸಂವಿಧಾನವೇ ಹೇಳುವುದಿಲ್ಲವೇ ಎಂದು ಡೌನ್ಸ್ ಕೇಳಿದ. ಮೇಲ್ನೋಟಕ್ಕೆ ಹಣ್ಣಿನ ಜಗಳ. ಒಳಗಿದ್ದುದು, ಧ್ವಜ ಹೋದಲ್ಲೆಲ್ಲ ಸಂವಿಧಾನವೂ ಹೋಗುವುದೇ ಎಂಬ ಪ್ರಶ್ನೆ. ಮೇ 27ರಂದು ನ್ಯಾಯಾಲಯ ನಾಲ್ಕಕ್ಕೆ ಐದು ಮತಗಳಿಂದ ಇಲ್ಲವೆಂದಿತು. ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ್ದು ಹೌದು, ಆದರೆ ಸುಂಕದ ವಿಷಯದಲ್ಲಿ ಅಮೆರಿಕದ ಭಾಗವಲ್ಲ! ಈ ನಿರ್ಣಯವನ್ನು ಓದಿದವರು ನ್ಯಾಯಮೂರ್ತಿ ಹೆನ್ರಿ ಬಿಲ್ಲಿಂಗ್ಸ್ ಬ್ರೌನ್. ಧರ್ಮ, ಪದ್ಧತಿ, ಕಾನೂನು, ಚಿಂತನೆಯ ರೀತಿ ಎಲ್ಲದರಲ್ಲಿ ಬೇರೆಯಾದ ಅನ್ಯ ಜನಾಂಗಗಳು ವಾಸಿಸುವ ಪ್ರದೇಶಗಳಲ್ಲಿ ಆಂಗ್ಲೊ-ಸ್ಯಾಕ್ಸನ್ ತತ್ವಗಳಂತೆ ಆಡಳಿತ ಮತ್ತು ನ್ಯಾಯ ನಡೆಸುವುದು ಕೆಲಕಾಲ ಅಸಾಧ್ಯವಾಗಬಹುದು ಎಂಬ ಕಾರಣವನ್ನೂ ಅವರು ಅದರಲ್ಲಿ ಬರೆದರು.

ಈ ಬ್ರೌನ್ ಯಾರು? ಐದು ವರ್ಷ ಹಿಂದೆ, 1896ರ ಮೇ 18ರಂದು, ಪ್ಲೆಸ್ಸಿ ವಿರುದ್ಧ ಫರ್ಗುಸನ್ ಮೊಕದ್ದಮೆಯಲ್ಲಿ ರೈಲಿನ ಬೋಗಿಗಳನ್ನು ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಮಾಡಿದ ಲೂಯಿಸಿಯಾನದ ಕಾನೂನನ್ನು ಎತ್ತಿಹಿಡಿದ ತೀರ್ಪನ್ನು ಬರೆದ ಅದೇ ಬ್ರೌನ್. ಪ್ರತ್ಯೇಕಿಸುವುದರಿಂದ ಕೀಳರಿಮೆಯ ಮುದ್ರೆ ಬೀಳುವುದಿಲ್ಲ, ಹಾಗೆ ಬಿದ್ದಿದೆಯೆನಿಸಿದರೆ ಅದು ಕಪ್ಪು ಜನರು ತಾವೇ ಕೊಟ್ಟುಕೊಂಡ ಅರ್ಥ ಎಂದವರು ಅವರು. ಪ್ಲೆಸ್ಸಿ ತೀರ್ಪಿನಲ್ಲಿ ಬಹುಮತದೊಡನಿದ್ದ, ಲೂಯಿಸಿಯಾನದಿಂದ ಬಂದ, ಯೌವನದಲ್ಲಿ ಗುಲಾಮಗಿರಿಯ ಪರವಾದ ಸೇನೆಯಲ್ಲಿದ್ದ ಎಡ್ವರ್ಡ್ ಡಗ್ಲಾಸ್ ವೈಟ್ ಡೌನ್ಸ್ ಪ್ರಕರಣದಲ್ಲೂ ಅದೇ ಪಕ್ಕದಲ್ಲಿದ್ದರು. ಯಾವ ಪ್ರದೇಶ ರಾಷ್ಟ್ರದೊಳಗೆ ಪೂರ್ತಿ ಸೇರಿತು, ಯಾವುದು ಸೇರಲಿಲ್ಲವೆಂಬುದನ್ನು ಕಾಂಗ್ರೆಸ್ ನಿರ್ಧರಿಸುತ್ತದೆ ಎಂಬ ಅವರ ವಾದವೇ ಕ್ರಮೇಣ ನ್ಯಾಯಾಲಯದ ಸಿದ್ಧಾಂತವಾಯಿತು. ಎರಡೂ ಸಲ ಎದುರು ನಿಂತವರು ಕೆಂಟಕಿಯ ಜಾನ್ ಮಾರ್ಷಲ್ ಹಾರ್ಲನ್. ಪ್ಲೆಸ್ಸಿಯಲ್ಲಿ ಏಳು ಜನರ ಎದುರು ಅವರೊಬ್ಬರೇ. ಸಂವಿಧಾನಕ್ಕೆ ಬಣ್ಣ ಕಾಣದು, ಅದು ನಾಗರಿಕರಲ್ಲಿ ವರ್ಗಗಳನ್ನು ಸಹಿಸದು ಎಂದು ಬರೆದರು. ಡೌನ್ಸ್‌ನಲ್ಲಿ, ಭೂಮಿಯ ಯಾವುದೋ ಮೂಲೆಯ ನೆಲವನ್ನು ವಸಾಹತಾಗಿ ಹಿಡಿದು ಕಾಂಗ್ರೆಸ್ಸಿನ ಮರ್ಜಿಯಂತೆ ಆಳಬಹುದೆಂಬುದು ಸಂವಿಧಾನದ ಅಕ್ಷರಕ್ಕೂ ಆಶಯಕ್ಕೂ ವಿರುದ್ಧವೆಂದರು. ಅವರ ಪಾಲಿಗೆ ಎರಡೂ ಒಂದೇ ಪ್ರಶ್ನೆಯಾಗಿತ್ತು. ಹಾರ್ಲನ್ನರನ್ನು ದೇವರ ಪೀಠದ ಮೇಲೆ ಕೂರಿಸುವುದು ನನ್ನ ಉದ್ದೇಶವಲ್ಲ. ಪ್ಲೆಸ್ಸಿಯ ಅದೇ ಭಿನ್ನಮತದಲ್ಲಿ ಚೀನೀಯರನ್ನು ಕುರಿತು ಅವರು ಬರೆದ ಸಾಲುಗಳು ಓದಲು ಕಷ್ಟವಾಗುವಂಥವು, ಮತ್ತು 1898ರ ಮಾರ್ಚಿನಲ್ಲಿ ಅಮೆರಿಕದ ನೆಲದಲ್ಲೇ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅಮೆರಿಕದ ನಾಗರಿಕನೇ ಎಂದು ನ್ಯಾಯಾಲಯ ಹೇಳಿದಾಗ ಒಪ್ಪದ ಇಬ್ಬರಲ್ಲಿ ಹಾರ್ಲನ್ ಒಬ್ಬರು. ಅಷ್ಟರ ಮಟ್ಟಿಗೆ ಜನಾಂಗದ ಯೋಚನೆ ಆ ಕಾಲದ ಗಾಳಿಯಲ್ಲೇ ಬೆರೆತಿತ್ತು.

ಧ್ವಜದ ಕೆಳಗೆ ಬದುಕುತ್ತಿದ್ದರೂ ಹಕ್ಕಿಲ್ಲದ ಮನುಷ್ಯನೆಂಬ ಸ್ಥಿತಿಯನ್ನು ಅಮೆರಿಕ ಮನಿಲಾದಲ್ಲಿ ಹೊಸದಾಗಿ ಕಂಡುಹಿಡಿಯಲಿಲ್ಲ, ಮನೆಯೊಳಗೆ ಅದನ್ನು ಆಗಲೇ ಸಿದ್ಧಪಡಿಸಿಕೊಂಡಿತ್ತು ಎಂಬುದೇ ನನ್ನ ವಾದ. ಬುಡಕಟ್ಟನ್ನು ಬಿಟ್ಟು ಬಂದು ಒಮಾಹಾ ನಗರದಲ್ಲಿ ನೆಲೆಸಿ ಮತ ಕೇಳಿದ ಮೂಲನಿವಾಸಿ ಜಾನ್ ಎಲ್ಕ್ ನಾಗರಿಕನಲ್ಲವೆಂದು 1884ರಲ್ಲಿ ಇದೇ ನ್ಯಾಯಾಲಯ ಹೇಳಿತ್ತು. ಚೀನೀ ಕಾರ್ಮಿಕರಿಗೆ 1882ರಲ್ಲೇ ಬಾಗಿಲು ಮುಚ್ಚಲಾಗಿತ್ತು. ಇಂಡಿಯಾನಾ ರಾಜ್ಯದ ರಾಜಕಾರಣಿ ಆಲ್ಬರ್ಟ್ ಬೆವರಿಡ್ಜ್ 1898ರ ಸೆಪ್ಟೆಂಬರಿನಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ, ಆಳಿಸಿಕೊಳ್ಳುವವರ ಒಪ್ಪಿಗೆ ಬೇಕಲ್ಲವೇ ಎಂದು ಕೇಳುವವರಿಗೆ ಕೊಟ್ಟ ಉತ್ತರ ಇದನ್ನೇ ಹೇಳುತ್ತದೆ: ಇಂಡಿಯನ್ನರನ್ನು (ಎಂದರೆ ಅಮೆರಿಕದ ಮೂಲನಿವಾಸಿಗಳನ್ನು) ಅವರ ಒಪ್ಪಿಗೆಯಿಲ್ಲದೆ ಆಳುತ್ತಿದ್ದೇವೆ, ನಮ್ಮ ಮಕ್ಕಳನ್ನೂ ಅವರ ಒಪ್ಪಿಗೆಯಿಲ್ಲದೆ ಆಳುತ್ತೇವೆ. ವಿಸ್ತರಣೆಯ ಪರ ನಿಂತವರೇ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ ತೋರಿಸಿದ್ದಾರೆ. ಕ್ಯೂಬಾದಲ್ಲಿಯೂ ಅದೇ ಆಯಿತು. ಅಲ್ಲಿಯ ಸ್ವಾತಂತ್ರ್ಯ ಸೇನೆಯಲ್ಲಿ ಕಪ್ಪು ಸೈನಿಕರೂ ಕಪ್ಪು ಸೇನಾನಿಗಳೂ ದೊಡ್ಡ ಸಂಖ್ಯೆಯಲ್ಲಿದ್ದರು; ಸಾಂಟಿಯಾಗೊ ನಗರ ಶರಣಾದ ದಿನ ಆ ಸೇನೆಗೆ ನಗರದೊಳಗೆ ಪ್ರವೇಶ ಕೊಡಲಿಲ್ಲ. 1900ರ ನಗರಸಭಾ ಚುನಾವಣೆಗೆ ಅಮೆರಿಕದ ಸೇನಾಡಳಿತ ಹಾಕಿದ ಷರತ್ತು, ಮತದಾರನಿಗೆ ಓದುಬರಹ ಬರಬೇಕು, ಇಲ್ಲವೇ 250 ಡಾಲರ್ ಬೆಲೆಯ ಆಸ್ತಿಯಿರಬೇಕು, ಇಲ್ಲವೇ ಅವನು ಸ್ವಾತಂತ್ರ್ಯ ಸೇನೆಯಲ್ಲಿದ್ದಿರಬೇಕು ಎಂಬುದಾಗಿತ್ತು. ಮಿಸಿಸಿಪಿಯ ಪಾಠ ಎಷ್ಟು ಬೇಗ ಸಮುದ್ರ ದಾಟಿತು ನೋಡಿ. ಹವಾಯಿಯಲ್ಲಿ 1897ರಲ್ಲಿ ಸೇರ್ಪಡೆಯ ವಿರುದ್ಧ 21,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿ ಸೆನೆಟ್ಟಿಗೆ ಬಂದಿತ್ತು, ಒಪ್ಪಂದಕ್ಕೆ ಬೇಕಾದ ಮೂರನೇ ಎರಡು ಬಹುಮತ ಸಿಗಲಿಲ್ಲ. ಮರುವರ್ಷ ಜುಲೈನಲ್ಲಿ ಸಾಮಾನ್ಯ ಬಹುಮತದ ಜಂಟಿ ನಿರ್ಣಯದ ಮೂಲಕ ಅದನ್ನು ಸೇರಿಸಿಕೊಳ್ಳಲಾಯಿತು.

ಲೇಖನದ ಕೊನೆಯ ಭಾಗದ ಬಗ್ಗೆಯೂ ನನಗೆ ಆಕ್ಷೇಪವಿದೆ. ದ್ವೀಪಗಳ ಸೇರ್ಪಡೆಯನ್ನು ವಿರೋಧಿಸಿದ ಅಮೆರಿಕನ್ನರ ಸಂಘವಾದ ಸಾಮ್ರಾಜ್ಯ ವಿರೋಧಿ ಲೀಗಿನವರೆಲ್ಲ ಗುಲಾಮಗಿರಿಯ ವಿರುದ್ಧ ಹೋರಾಡಿದವರ ನೇರ ವಾರಸುದಾರರು ಎಂಬಂತೆ ಲೇಖಕರು ಬರೆದಿದ್ದಾರೆ. ಕೆಲವರ ಮಟ್ಟಿಗೆ ಅದು ನಿಜ. ಬಾಸ್ಟನ್ನಿನ ವಕೀಲ ಮೂರ್‌ಫೀಲ್ಡ್ ಸ್ಟೋರಿ ಫಿಲಿಪ್ಪೀನ್ಸ್ ಯುದ್ಧವನ್ನು ಕೊನೆಯವರೆಗೆ ವಿರೋಧಿಸಿದರು, ಮುಂದೆ ಕಪ್ಪು ಜನರ ಹಕ್ಕುಗಳ ರಾಷ್ಟ್ರೀಯ ಸಂಘಟನೆ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. ಆದರೆ ಸೆನೆಟ್ಟಿನಲ್ಲಿ ಪ್ಯಾರಿಸ್ ಒಪ್ಪಂದದ ವಿರುದ್ಧ ಗಟ್ಟಿಯಾಗಿ ಮಾತನಾಡಿದವರಲ್ಲಿ ದಕ್ಷಿಣ ಕ್ಯಾರೊಲಿನಾದ ಬೆಂಜಮಿನ್ ಟಿಲ್‌ಮನ್ ಕೂಡ ಒಬ್ಬ. ತನ್ನ ರಾಜ್ಯದಲ್ಲಿ ಕಪ್ಪು ಜನರ ಮತ ಕಿತ್ತುಕೊಂಡದ್ದನ್ನು ಸದನದಲ್ಲೇ ಹೆಮ್ಮೆಯಿಂದ ಹೇಳುತ್ತಿದ್ದ ಆತನಿಗೆ ಫಿಲಿಪ್ಪೀನ್ಸ್ ಬೇಡವಾಗಿದ್ದುದು ಅಲ್ಲಿಯ ಜನರ ಸ್ವಾತಂತ್ರ್ಯದ ಮೇಲಿನ ಗೌರವವೊಂದರಿಂದಲೇ ಅಲ್ಲ, ಬಿಳಿಯರಲ್ಲದ ಇನ್ನೂ ಲಕ್ಷಾಂತರ ಜನ ಒಕ್ಕೂಟಕ್ಕೆ ಬಂದು ಸೇರಬಾರದು ಎಂಬುದರಿಂದ. ಮೆಕಿನ್ಲಿಯವರ ಪಕ್ಷದವರಾದ ರಿಪಬ್ಲಿಕನ್ನರ ಎದುರು ಆತ ಬೀಸಿದ ಮಾತು ಮಾತ್ರ ಚುಚ್ಚುವಂತಿತ್ತು: ಫಿಲಿಪ್ಪೀನ್ಸ್ ಜನರನ್ನು ಕೊಲ್ಲುತ್ತಿರುವ ನೀವು ಇನ್ನು ದಕ್ಷಿಣಕ್ಕೆ ಬುದ್ಧಿ ಹೇಳಬೇಡಿ. ಅದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿ ಆ ಪಕ್ಷ ಇರಲಿಲ್ಲ.

ಮ್ಯಾಸಚೂಸೆಟ್ಸ್‌ನ ಇಬ್ಬರು ರಿಪಬ್ಲಿಕನ್ನರ ಕಥೆ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ದಕ್ಷಿಣದ ಚುನಾವಣೆಗಳ ಮೇಲೆ ಫೆಡರಲ್ ಮೇಲ್ವಿಚಾರಣೆ ಇರಬೇಕೆಂಬ ಮಸೂದೆಯನ್ನು 1890ರಲ್ಲಿ ಕೆಳಮನೆಯಲ್ಲಿ ಮುನ್ನಡೆಸಿದವರು ಹೆನ್ರಿ ಕ್ಯಾಬಟ್ ಲಾಡ್ಜ್, ಸೆನೆಟ್ಟಿನಲ್ಲಿ ಅದಕ್ಕಾಗಿ ದುಡಿದವರು ಜಾರ್ಜ್ ಫ್ರಿಸ್ಬಿ ಹೋರ್. ಕೆಳಮನೆಯಲ್ಲಿ 155-149ರಿಂದ ಗೆದ್ದ ಆ ಮಸೂದೆ 1891ರ ಆರಂಭದಲ್ಲಿ ಸೆನೆಟ್ಟಿನಲ್ಲಿ ಸತ್ತಿತು. ಕಪ್ಪು ಜನರ ಮತವನ್ನು ಕಾಪಾಡಲು ಅಂಥ ಇನ್ನೊಂದು ಗಂಭೀರ ಪ್ರಯತ್ನವನ್ನು ಆ ಪಕ್ಷ ಬಹುಕಾಲ ಮಾಡಲಿಲ್ಲ. ಎಂಟು ವರ್ಷಗಳ ಮೇಲೆ ಇವರಿಬ್ಬರೂ ಎದುರುಬದುರಾದರು. ಲಾಡ್ಜ್ ವಿಸ್ತರಣೆಯ ನಾಯಕ. ಹೋರ್ ತಮ್ಮ ಪಕ್ಷವನ್ನೇ ಎದುರು ಹಾಕಿಕೊಂಡು ಒಪ್ಪಂದದ ವಿರುದ್ಧ ಮತ ಹಾಕಿದರು. 1899ರ ಫೆಬ್ರುವರಿ 6ರಂದು 57-27ರಿಂದ, ಬೇಕಾದುದಕ್ಕಿಂತ ಒಂದೇ ಒಂದು ಮತ ಹೆಚ್ಚು ಪಡೆದು, ಒಪ್ಪಂದ ಅಂಗೀಕಾರವಾಯಿತು. ಎರಡು ದಿನ ಮೊದಲೇ ಮನಿಲಾದ ಹೊರವಲಯದಲ್ಲಿ ಅಮೆರಿಕದ ಸೇನೆಗೂ ಸ್ವಾತಂತ್ರ್ಯ ಬಯಸಿದ ಫಿಲಿಪ್ಪೀನ್ಸ್ ಸೇನೆಗೂ ಗುಂಡಿನ ಕಾಳಗ ಶುರುವಾಗಿತ್ತು. 1900ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಸಾಮ್ರಾಜ್ಯಶಾಹಿಯೇ ಚುನಾವಣೆಯ ಮುಖ್ಯ ಪ್ರಶ್ನೆಯೆಂದು ಸಾರಿದರು. ಮನಿಲಾದವರ ಒಪ್ಪಿಗೆಯನ್ನು ಕುರಿತು ಅವರು ಆಡಿದ ಮಾತನ್ನು ಲೂಯಿಸಿಯಾನದವರ ಒಪ್ಪಿಗೆಯನ್ನು ಕುರಿತು ಆಡಲಿಲ್ಲ, ಆಡಿದ್ದರೆ ದಕ್ಷಿಣದ ಬಿಳಿಯರನ್ನು ನೆಚ್ಚಿಕೊಂಡಿದ್ದ ಅವರ ಪಕ್ಷವೇ ಉಳಿಯುತ್ತಿರಲಿಲ್ಲ.

ಕಪ್ಪು ಸೈನಿಕರಿಗೆ ಈ ನಂಟನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಕ್ಯೂಬಾದ ಸಾನ್ ಹುವಾನ್ ಗುಡ್ಡಗಳಲ್ಲಿ 1898ರ ಜುಲೈ 1ರಂದು ಥಿಯೋಡರ್ ರೂಸ್‌ವೆಲ್ಟರ ಸವಾರರ ಪಕ್ಕದಲ್ಲೇ 9 ಮತ್ತು 10ನೇ ಅಶ್ವದಳಗಳ ಕಪ್ಪು ಸೈನಿಕರು ಹೋರಾಡಿದ್ದರು. ಆಗ ಅವರನ್ನು ಹೊಗಳಿದ ರೂಸ್‌ವೆಲ್ಟ್ ಮರುವರ್ಷ ಪತ್ರಿಕೆಯೊಂದರಲ್ಲಿ, ಕಪ್ಪು ಸೈನಿಕರು ಬಿಳಿಯ ಅಧಿಕಾರಿಗಳಿಲ್ಲದಿದ್ದರೆ ನಿಲ್ಲಲಾರರೆಂದೂ, ಹಿಂದಕ್ಕೆ ಸರಿಯುತ್ತಿದ್ದವರನ್ನು ತಾನು ರಿವಾಲ್ವರ್ ತೋರಿಸಿ ತಡೆದೆನೆಂದೂ ಬರೆದರು. ಇದನ್ನೋದಿದ 10ನೇ ದಳದ ಸಾರ್ಜೆಂಟ್ ಪ್ರೆಸ್ಲಿ ಹಾಲಿಡೇ ಕಪ್ಪು ಜನರ ಪತ್ರಿಕೆಯಾದ ‘ನ್ಯೂಯಾರ್ಕ್ ಏಜ್’ಗೆ ಪತ್ರ ಬರೆದು, ಆ ಸೈನಿಕರು ಗಾಯಾಳುಗಳನ್ನು ಸಾಗಿಸಲು, ಕಂದಕ ತೋಡುವ ಸಲಕರಣೆ ತರಲು ಅಪ್ಪಣೆಯಂತೆ ಹೋಗುತ್ತಿದ್ದರೆಂದು ತಿಳಿಸಿದರು. ಸಂಪಾದಕರಿಗೆ ಬರೆದ ಪತ್ರವೊಂದು ಇತಿಹಾಸದ ದಾಖಲೆಯಾಗಿ ಉಳಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಇದೇ ಸೇನೆಯ ಕಪ್ಪು ದಳಗಳನ್ನು 1899ರಲ್ಲಿ ಫಿಲಿಪ್ಪೀನ್ಸ್‌ಗೆ ಕಳಿಸಿದಾಗ, ತಮ್ಮನ್ನು ಊರಿನಲ್ಲಿ ಕರೆಯುವ ಬೈಗುಳದಿಂದಲೇ ಬಿಳಿಯ ಸೈನಿಕರು ಅಲ್ಲಿಯ ಜನರನ್ನೂ ಕರೆಯುವುದನ್ನು ಅವರು ಕೇಳಿಸಿಕೊಂಡರು, ಮನೆಗೂ ಪತ್ರಿಕೆಗಳಿಗೂ ಅದನ್ನು ಬರೆದರು. ಫಿಲಿಪ್ಪೀನ್ಸ್ ಸ್ವಾತಂತ್ರ್ಯ ಹೋರಾಟದ ನಾಯಕ ಎಮಿಲಿಯೊ ಅಗಿನಾಲ್ಡೊನ ಕಡೆಯವರು ಕಪ್ಪು ಸೈನಿಕರಿಗೆಂದೇ ಭಿತ್ತಿಪತ್ರಗಳನ್ನು ಹಂಚಿದರು. ಅವುಗಳಲ್ಲಿ ಸ್ಯಾಮ್ ಹೋಸ್‌ನ ಹೆಸರಿತ್ತು. 1899ರ ಏಪ್ರಿಲ್ 23ರಂದು ಜಾರ್ಜಿಯಾದಲ್ಲಿ ಸಾವಿರಾರು ಜನರ ಕಣ್ಣೆದುರು ಜೀವಂತ ಸುಡಲ್ಪಟ್ಟ ಕಪ್ಪು ಕೂಲಿಯ ಹೆಸರು ಕೆಲವೇ ತಿಂಗಳುಗಳಲ್ಲಿ ಫಿಲಿಪ್ಪೀನ್ಸ್‌ನ ಕಾಡುಗಳನ್ನು ಮುಟ್ಟಿತ್ತು! 24ನೇ ಕಾಲ್ದಳದ ಡೇವಿಡ್ ಫೇಗನ್ ಆ ವರ್ಷದ ನವೆಂಬರಿನಲ್ಲಿ ಪಕ್ಷ ಬದಲಿಸಿ ಫಿಲಿಪ್ಪೀನ್ಸ್ ಸೇನೆಯಲ್ಲಿ ಕ್ಯಾಪ್ಟನ್ ಆದ, ಆತನ ತಲೆಗೆ 600 ಡಾಲರ್ ಬಹುಮಾನ ಕಟ್ಟಲಾಯಿತು. ಬಹುಪಾಲು ಕಪ್ಪು ಸೈನಿಕರು ಹಾಗೆ ಮಾಡಲಿಲ್ಲ. ಸಮವಸ್ತ್ರದಲ್ಲಿ ತೋರಿದ ನಿಷ್ಠೆ ಊರಿನಲ್ಲಿ ಹಕ್ಕಾಗಿ ಮರಳಿ ಬಂದೀತೆಂದು ಅವರು ನಂಬಿದ್ದರು, ಅವರ ಸಮುದಾಯದ ಎಷ್ಟೋ ಪತ್ರಿಕೆಗಳೂ ನಂಬಿದ್ದವು. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣಲಾರೆ.

1893ರ ಆರ್ಥಿಕ ಕುಸಿತ, ಚೀನಾದ ಮಾರುಕಟ್ಟೆಯ ಆಸೆ, ಹಡಗುಗಳಿಗೆ ಬೇಕಿದ್ದ ಕಲ್ಲಿದ್ದಲಿನ ನಿಲ್ದಾಣಗಳು, ಇವು ವಿಸ್ತರಣೆಗೆ ಕಾರಣಗಳೆಂದು ನಿಮ್ಮ ಲೇಖಕರು ಹೇಳಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಜನಾಂಗದ ಪೂರ್ವಗ್ರಹವೊಂದೇ ಹಡಗುಗಳನ್ನು ಹೊರಡಿಸಿತು ಎಂದೂ ಹೇಳುತ್ತಿಲ್ಲ. ಅದು ಕೆಲವೊಮ್ಮೆ ವಿಸ್ತರಣೆಯನ್ನು ತಡೆದದ್ದೂ ಉಂಟು. 1870ರಲ್ಲಿ ಸಾಂಟೊ ಡೊಮಿಂಗೊವನ್ನು (ಈಗಿನ ಡೊಮಿನಿಕನ್ ಗಣರಾಜ್ಯವನ್ನು) ಸೇರಿಸಿಕೊಳ್ಳುವ ಅಧ್ಯಕ್ಷ ಗ್ರಾಂಟರ ಯೋಜನೆ ಸೆನೆಟ್ಟಿನಲ್ಲಿ ಸೋತಾಗ, ಅಷ್ಟೊಂದು ಕಪ್ಪು ಜನರನ್ನು ನಾಗರಿಕರನ್ನಾಗಿ ಮಾಡಿಕೊಳ್ಳುವುದು ಹೇಗೆಂಬ ಅಳುಕೂ ಸೋಲಿಗೆ ಒಂದು ಕಾರಣವಾಗಿತ್ತು. ಸೇರಿಸಿಕೊಂಡರೆ ನಾಗರಿಕರು, ನಾಗರಿಕರಾದರೆ ಮತದಾರರು ಎಂದು ಆಗ ಎಲ್ಲರೂ ಭಾವಿಸಿದ್ದರು. 1898ರ ಹೊತ್ತಿಗೆ ಆ ಸರಪಳಿ ತುಂಡಾಗಿತ್ತು. ಅದನ್ನು ತುಂಡರಿಸಿದವರು ಮಿಸಿಸಿಪಿ, ಲೂಯಿಸಿಯಾನಗಳ ಸಂವಿಧಾನ ಸಭೆಗಳು ಮತ್ತು ಅವನ್ನು ಎತ್ತಿಹಿಡಿದ ನ್ಯಾಯಾಲಯ. ನಾಗರಿಕನಾಗಿದ್ದೂ ಮತದಾರನಲ್ಲದ ಮನುಷ್ಯ ದಕ್ಷಿಣದಲ್ಲಿ ಸಿದ್ಧನಾದ ಮೇಲೆ, ಅಧೀನನಾಗಿದ್ದೂ ನಾಗರಿಕನಲ್ಲದ ಮನುಷ್ಯನನ್ನು ಪೋರ್ಟೊ ರಿಕೊದಲ್ಲೂ ಮನಿಲಾದಲ್ಲೂ ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ.

ಉತ್ತರ ಕ್ಯಾರೊಲಿನಾದ ಜಾರ್ಜ್ ಹೆನ್ರಿ ವೈಟ್ ಆಗ ಕಾಂಗ್ರೆಸ್ಸಿನಲ್ಲಿ ಉಳಿದಿದ್ದ ಏಕೈಕ ಕಪ್ಪು ಸದಸ್ಯ. ಗುಂಪುಹತ್ಯೆಯನ್ನು ಫೆಡರಲ್ ಅಪರಾಧವನ್ನಾಗಿ ಮಾಡುವ ಮಸೂದೆಯನ್ನು 1900ರ ಜನವರಿಯಲ್ಲಿ ಮಂಡಿಸಿದರು. ಅದು ಸಮಿತಿಯಿಂದಾಚೆಗೆ ಬರಲಿಲ್ಲ. ಅದೇ ವರ್ಷ ಅವರ ರಾಜ್ಯ ಕಪ್ಪು ಜನರ ಮತ ಕಸಿಯುವ ತಿದ್ದುಪಡಿ ತಂದಿತು, ಅವರು ಮತ್ತೆ ಸ್ಪರ್ಧಿಸಲಿಲ್ಲ. 1901ರ ಜನವರಿ 29ರ ವಿದಾಯ ಭಾಷಣದಲ್ಲಿ, ಇದು ಬಹುಶಃ ಕಾಂಗ್ರೆಸ್ಸಿಗೆ ನೀಗ್ರೋ ಜನಾಂಗದ ತಾತ್ಕಾಲಿಕ ವಿದಾಯ, ಆದರೆ ಒಂದು ದಿನ ಅದು ಮತ್ತೆ ಎದ್ದು ಬರುತ್ತದೆ ಎಂದರು. ಇನ್ನೊಬ್ಬ ಕಪ್ಪು ಸದಸ್ಯ ಆ ಸದನಕ್ಕೆ ಬಂದದ್ದು 1929ರಲ್ಲಿ.

ನಿಮ್ಮ ಓದುಗರಲ್ಲಿ ವಿದ್ಯಾರ್ಥಿಗಳು ಬಹಳ ಇದ್ದಾರೆಂದು ಬಲ್ಲೆ. ಇಷ್ಟು ದೀರ್ಘವಾಗಿ ಬರೆದದ್ದು ಅವರ ಸಲುವಾಗಿ. ನ್ಯಾಯಮೂರ್ತಿ ಬ್ರೌನ್ ಬರೆದ ಪ್ಲೆಸ್ಸಿ ತೀರ್ಪನ್ನು ಶಾಲೆಗಳ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಡೌನ್ಸ್ ತೀರ್ಪನ್ನು ಇಂದಿಗೂ ತಳ್ಳಿಹಾಕಿಲ್ಲ; ಅದು ಜನಾಂಗದ ಹಳೆಯ ಕಲ್ಪನೆಗಳ ಮೇಲೆ ನಿಂತಿದೆ, ಅದನ್ನು ಬಿಡಬೇಕು ಎಂದು 2022ರಲ್ಲಿ ನ್ಯಾಯಮೂರ್ತಿ ನೀಲ್ ಗೊರ್ಸಚ್ ಬರೆದರೂ ನ್ಯಾಯಾಲಯ ಆ ಹೆಜ್ಜೆ ಇಡಲಿಲ್ಲ. 1917ರಿಂದ ಅಮೆರಿಕದ ನಾಗರಿಕರಾಗಿರುವ ಪೋರ್ಟೊ ರಿಕೊದ ಜನರು ತಮ್ಮ ದ್ವೀಪದಲ್ಲಿ ಇರುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಲೇಖನದ ಮುಂದಿನ ಭಾಗ ಫಿಲಿಪ್ಪೀನ್ಸ್ ಯುದ್ಧವನ್ನು ಕುರಿತದ್ದೆಂದು ಪುರವಣಿಯಲ್ಲಿ ಪ್ರಕಟಿಸಿದ್ದೀರಿ. ಅದನ್ನು ಅಚ್ಚಿಗೆ ಕಳಿಸುವ ಮೊದಲು ಲೇಕ್ ಸಿಟಿ, ವಿಲ್ಮಿಂಗ್ಟನ್ ಮತ್ತು ವಿಲಿಯಮ್ಸ್ ಮೊಕದ್ದಮೆಯ ಹೆಸರುಗಳು ಅದರಲ್ಲಿ ಬರುವಂತೆ ಲೇಖಕರನ್ನು ಕೇಳಿಕೊಳ್ಳಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಇತಿಹಾಸದ ನಿವೃತ್ತ ಅಧ್ಯಾಪಕ